ಮೊದಲು ಕೆಂಚನ ಚಿಪ್ಪು, ಆಮೇಲೆ ನಿಮ್ಮ ಟಿಕೆಟ್

ಪುಟ್ಟಿ,

ಜರ್ಮನಿಯ ಕೆಲಸ ಗಟ್ಟಿಯಾಯಿತಂತೆ, ನಿಮ್ಮಮ್ಮ ಫೋನ್ ಮಾಡಿದ್ದಳು. ಸಂತೋಷ ಕಣೇ. ವೀಸಾ, ಮಗುವಿನ ಸ್ಕೂಲು, ಮನೆ ಸಾಮಾನು ಎಲ್ಲ ಹೇಳಿ ಮುಗಿಸಿ ಕೊನೆಗೆ, "ಕೆಂಚನ್ನೂ ಕರ್ಕೊಂಡು ಹೋಗ್ತಾರಂತೆ ಅಕ್ಕ, ಟಿಕೆಟ್ ಆದ್ಮೇಲೆ ನೋಡ್ಕೋತಾರಂತೆ" ಅಂದಳು. ಆ ಕೊನೆಯ ಮಾತು ಕೇಳಿಯೇ ನಾನು ಈ ಕಾಗದ ಬರೆಯಲು ಕೂತಿದ್ದು. ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ನಿಮಗೆ ಹತ್ತು ಗಂಟೆಯ ದಾರಿ. ನಾಯಿಯಾದ ಕೆಂಚನಿಗೆ ಅದೇ ದಾರಿ ಕಡಿಮೆಯೆಂದರೂ ನಾಲ್ಕು ತಿಂಗಳು.

ನಿನ್ನ ಅಕ್ಕನ ನಾಯಿ ಚಿನ್ನು ನೆನಪಿದೆಯಲ್ಲ? ಯುರೋಪಿಗೆ ಹೊರಟಾಗ ಅವರೂ ಎಲ್ಲ ಸರಿಯಾಗಿದೆ ಅಂತಲೇ ಇದ್ದರು. ವರ್ಷ ತಪ್ಪದೆ ರೇಬಿಸ್ ಲಸಿಕೆ ಹಾಕಿಸಿದ್ದರು, ಹೊರಡುವುದಕ್ಕೆ ಮುಂಚೆ ಮೈಕ್ರೋಚಿಪ್ ಹಾಕಿಸಿದರು, ರಕ್ತ ಪರೀಕ್ಷೆಯೂ ಆಯಿತು. ಕಾಗದಪತ್ರ ನೋಡಿದವರು ಎರಡು ತಾರೀಖಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು: ಲಸಿಕೆ ಜನವರಿಯದು, ಚಿಪ್ಪು ಮಾರ್ಚಿನದು. ಚಿಪ್ಪಿಗಿಂತ ಮೊದಲು ಚುಚ್ಚಿಸಿದ ಲಸಿಕೆ ಯುರೋಪಿನವರ ಲೆಕ್ಕಕ್ಕಿಲ್ಲ. ಲಸಿಕೆ ಹಾಕಿಸಿಕೊಂಡದ್ದು ಇದೇ ನಾಯಿ ಅನ್ನುವುದಕ್ಕೆ ಗುರುತೇನು ಅಂತ ಅವರ ಪ್ರಶ್ನೆ. ಅಷ್ಟು ಹೊತ್ತಿಗೆ ಟಿಕೆಟ್ ಆಗಿತ್ತು, ಬಾಡಿಗೆ ಮನೆಯೂ ಖಾಲಿಯಾಗಿತ್ತು. ಅವರು ಹೋದರು, ಚಿನ್ನು ಐದು ತಿಂಗಳು ನನ್ನ ಹತ್ತಿರ ಉಳಿಯಿತು.

ಸಂಜೆ ಆರೂವರೆ ಆಯಿತೆಂದರೆ ನಿನ್ನ ಭಾವನ ಬೈಕ್ ಬರುವ ಹೊತ್ತು. ಚಿನ್ನು ಗೇಟಿನ ಕೆಳಗಿನ ಸಂದಿಯಲ್ಲಿ ಮೂಗು ತೂರಿಸಿಕೊಂಡು ಮಲಗುತ್ತಿತ್ತು. ಬೀದಿಯಲ್ಲಿ ಯಾರ ಬೈಕ್ ಹೋದರೂ ಕಿವಿ ಮಾತ್ರ ಅಲ್ಲಾಡುತ್ತಿತ್ತು, ಎದ್ದೇಳುತ್ತಿರಲಿಲ್ಲ. ಏಳಕ್ಕೆ ತಾನಾಗಿ ಎದ್ದು ಬಂದು ತಟ್ಟೆಯ ಮುಂದೆ ಕೂರುತ್ತಿತ್ತು. ಮಕ್ಕಳಿಗಾದರೆ ಇನ್ನು ಇಷ್ಟು ದಿನ ಅಂತ ಕ್ಯಾಲೆಂಡರ್ ತೋರಿಸಬಹುದು. ಅದಕ್ಕೆ ಏನು ತೋರಿಸಲಿ?

ಅದಕ್ಕೇ ಹೇಳುತ್ತೇನೆ, ಮೊದಲು ಚಿಪ್ಪು. ಅಕ್ಕಿಕಾಳಿನಷ್ಟು ಇರುತ್ತದೆ, ಎರಡು ಭುಜದ ನಡುವೆ ಚರ್ಮದ ಕೆಳಗೆ ಕೂರಿಸುತ್ತಾರೆ. ಐಎಸ್‌ಒ ಮಾದರಿಯದು, 15 ಅಂಕಿಯದು ಅಂತ ಕೇಳಿಯೇ ಹಾಕಿಸು. ಅಲ್ಲೇ ರೀಡರ್ ಹಿಡಿಸಿ ಓದಿಸಿ, ಲಸಿಕೆ ಪುಸ್ತಕದಲ್ಲಿ ಬರೆದ ನಂಬರಿನ ಜೊತೆ ಒಂದೊಂದೇ ಅಂಕಿ ತಾಳೆ ನೋಡು. ಆಮೇಲೆ ರೇಬಿಸ್ ಲಸಿಕೆ, ಅದೇ ದಿನವಾದರೂ ಸರಿ. 30 ದಿನ ಕಳೆದ ಮೇಲೆ ರಕ್ತ ತೆಗೆಸಬೇಕು. ಅದು ಯುರೋಪಿನವರು ಒಪ್ಪಿದ ಪ್ರಯೋಗಾಲಯಕ್ಕೇ ಹೋಗಬೇಕು. ರೇಬಿಸ್ ತಡೆಯುವ ಶಕ್ತಿ ಮಿಲಿಲೀಟರಿಗೆ 0.5 ಯೂನಿಟ್‌ಗೆ ಕಡಿಮೆ ಇರಬಾರದು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು.

ಪರೀಕ್ಷೆಯಲ್ಲಿ ಪಾಸಾದ ಮೇಲೂ ಯಾಕೆ ಕಾಯಬೇಕು ಅಂತ ನಾನೂ ರೇಗಿದ್ದೆ. ಹುಚ್ಚುನಾಯಿ ರೋಗ ಮೈಯೊಳಗೆ ಹೊಕ್ಕು ತಿಂಗಳುಗಟ್ಟಲೆ ಸುಳಿವು ಕೊಡದೆ ಇರಬಲ್ಲದು. ಲಸಿಕೆಗೆ ಮೊದಲೇ ಎಲ್ಲೋ ಕಚ್ಚಿಸಿಕೊಂಡಿದ್ದರೆ ಅದು ಇಲ್ಲೇ ಹೊರಬೀಳಲಿ ಅಂತ ಈ ಗಡುವು. ದುಡ್ಡು ಸುರಿದರೂ, ವಶೀಲಿ ಹಚ್ಚಿದರೂ ಒಂದು ದಿನ ಕಡಿಮೆಯಾಗುವುದಿಲ್ಲ. ಒಂದೇ ಸಮಾಧಾನವೆಂದರೆ, ಮುಂದೆ ಬೂಸ್ಟರ್ ತಾರೀಖು ತಪ್ಪದಿದ್ದರೆ ಈ ರಕ್ತ ಪರೀಕ್ಷೆ ಮತ್ತೆ ಬೇಕಾಗಿಲ್ಲ. ತಾರೀಖು ಮೀರಿತೋ, ಮತ್ತೆ ಮೊದಲಿನಿಂದ.

ಕೊನೆಯ ಹತ್ತು ದಿನ ಓಡಾಟದ್ದು. ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರದ ಅಧಿಕೃತ ಪಶುವೈದ್ಯರ ಸಹಿ, ಮೊಹರು ಬೇಕು. ಸಹಿಯಾದ ಹತ್ತು ದಿನದೊಳಗೆ ನಾಯಿ ಅಲ್ಲಿ ಇಳಿದಿರಬೇಕು. ಅದಕ್ಕೆ ಹೋಗಬೇಕಾದ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ ಬೆಂಗಳೂರಿನಲ್ಲೂ ಇದೆ. ಆ ವಾರದಲ್ಲಿ ಸಾಲುಸಾಲು ರಜೆ ಬರದಂತೆ ನೋಡಿಕೊಂಡು ಟಿಕೆಟ್ ತೆಗೆಸು. ಇನ್ನೊಂದು, ನಾಯಿ ಹೋಗುವುದಕ್ಕೂ ಮನೆಯವರು ಹೋಗುವುದಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅದನ್ನು ವ್ಯಾಪಾರದ ಸರಕಿನ ನಿಯಮಕ್ಕೆ ಸೇರಿಸುತ್ತಾರೆ. ನಿನ್ನ ಭಾವ ರಜೆ ಹಾಕಿ, ಇನ್ನೊಂದು ಟಿಕೆಟ್ ದಂಡ ತೆತ್ತು ಚಿನ್ನುಗಾಗಿ ಬಂದದ್ದು ಇದೇ ಕಾರಣಕ್ಕೆ.

ನಾಯಿ ಪೆಟ್ಟಿಗೆಯನ್ನು ಹೊರಡುವ ವಾರ ತರಬೇಡ, ಈಗಲೇ ತಾ. ಕೆಂಚ ಒಳಗೆ ತಲೆ ತಾಗದ ಹಾಗೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಹಾಲ್‌ನಲ್ಲಿ ಅದರ ಬಾಗಿಲು ತೆರೆದಿಟ್ಟು ಅದರೊಳಗೇ ಊಟ ಹಾಕು. ಚಿನ್ನು ಮೊದಲ ವಾರ ದೂರದಿಂದಲೇ ಬೊಗಳಿತು. ಒಂದು ಮಧ್ಯಾಹ್ನ ಹಗ್ಗದ ಮೇಲಿದ್ದ ನನ್ನ ಹಳೇ ನೂಲಿನ ಸೀರೆ ಎಳೆದುಕೊಂಡು ಹೋಗಿ ಪೆಟ್ಟಿಗೆಯಲ್ಲಿ ಹಾಸಿ ಮಲಗಿಬಿಟ್ಟಿತ್ತು. ಹೊರಡುವಾಗ ಅದನ್ನು ಒಗೆಯದೆ ಹಾಗೇ ಇಟ್ಟೆ. ನೀರಿನ ಬಟ್ಟಲನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಡು; ಪೆಟ್ಟಿಗೆ ಏರಿಳಿಸುವಾಗ ನೀರು ಚೆಲ್ಲುವುದಿಲ್ಲ, ಆಮೇಲೆ ನಿಧಾನಕ್ಕೆ ಕರಗುತ್ತದೆ. ನಿದ್ದೆ ಬರಲಿ ಅಂತ ಮಾತ್ರೆ ಕೊಡುವ ಯೋಚನೆ ಮಾತ್ರ ಬೇಡ. ಆಕಾಶದಲ್ಲಿ ಉಸಿರು ಕಟ್ಟಿದರೆ ನೋಡುವವರಿಲ್ಲ, ವಿಮಾನದವರು ಹತ್ತಿಸಿಕೊಳ್ಳದೆಯೂ ಇರಬಹುದು. ಚಪ್ಪಟೆ ಮೂಗಿನ ಪಗ್ ಸಾಕಿದವರಿಗೆ ಅನೇಕ ವಿಮಾನಗಳಲ್ಲಿ ಜಾಗವೇ ಸಿಗುವುದಿಲ್ಲ. ನಮ್ಮ ಕೆಂಚ ಉದ್ದಮೂಗಿನ ಬೀದಿ ತಳಿ, ಆ ಚಿಂತೆಯಿಲ್ಲ.

ಮೊಸರನ್ನದ ಅಭ್ಯಾಸವನ್ನೂ ಈಗಿನಿಂದ ಕಡಿಮೆ ಮಾಡು. ಹಾಲಿನದು, ಮಾಂಸದ್ದು ಯಾವುದನ್ನೂ ಇಲ್ಲಿಂದ ಯುರೋಪಿಗೆ ಕೈಚೀಲದಲ್ಲಿ ಒಯ್ಯುವಂತಿಲ್ಲ. ಅಲ್ಲಿ ಸಿಗುವ ಊಟವನ್ನೇ ಇಲ್ಲಿ ರೂಢಿಸು. ಅಲ್ಲಿ ಬಾಡಿಗೆ ಮನೆ ಹುಡುಕುವಾಗ ನಾಯಿ ಇದೆ ಅಂತ ಮೊದಲೇ ಹೇಳು, ಮುಚ್ಚಿಡಬೇಡ. ನಗರಸಭೆಗೆ ವರ್ಷಕ್ಕೊಮ್ಮೆ ನಾಯಿ ತೆರಿಗೆ ಕಟ್ಟಬೇಕು. ರೈಲಿನಲ್ಲಿ ದೊಡ್ಡ ನಾಯಿಗೂ ಟಿಕೆಟ್ ಇದೆ, ಬಾಯಿಗೆ ಕುಕ್ಕೆಯೂ ಬೇಕು. ಕುಕ್ಕೆಯ ರೂಢಿಯನ್ನೂ ಇಲ್ಲೇ ಮಾಡಿಸು.

ಈ ಕಾಗದವನ್ನು ಆಸ್ಟ್ರೇಲಿಯಾಕ್ಕೆ ಹೊರಟಿರುವ ನಿನ್ನ ಗೆಳತಿಗೆ ಕಳಿಸಬೇಡ. ಇಲ್ಲಿಂದ ಅಲ್ಲಿಗೆ ನಾಯಿಯನ್ನು ನೇರ ಬಿಡುವುದೇ ಇಲ್ಲ. ಅವರು ಒಪ್ಪಿದ ಇನ್ನೊಂದು ದೇಶದಲ್ಲಿ 180 ದಿನ ಇಟ್ಟು ಹೋಗಬೇಕು. ಅಮೆರಿಕದವರು 2024ರ ಆಗಸ್ಟಿನಿಂದ ತಮ್ಮ ನಿಯಮ ಬಿಗಿ ಮಾಡಿದ್ದಾರೆ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಹೋಗುವ ದೇಶದ ಸರ್ಕಾರ ಹೇಳಿದ್ದನ್ನೇ ಓದಿಕೊಳ್ಳಬೇಕು. ನೀನೂ ನನ್ನ ಮಾತನ್ನೇ ನಂಬಿ ಕೂರಬೇಡ, ಒಮ್ಮೆ ತಾಳೆ ನೋಡು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಕೆಂಚನಿಗೆ ಒಂಬತ್ತು ತುಂಬಿತು. ಹೃದಯ, ಮೂತ್ರಪಿಂಡ ಪರೀಕ್ಷೆ ಮಾಡಿಸು. ಈ ಪ್ರಯಾಣ ಬೇಡ ಅಂತ ಡಾಕ್ಟರು ಅಂದರೆ ಹಟ ಹಿಡಿಯಬೇಡ. ಬಿಟ್ಟು ಹೋದರೆ ದ್ರೋಹವೇನಲ್ಲ. ಕೊನೇ ಗಳಿಗೆಯಲ್ಲಿ ಯಾರ ಮನೆಗೋ ದೂಡಿ ಹೋದರೆ ಅದು ದ್ರೋಹ. ಹಾಗೇನಾದರೂ ಆದರೆ ವಾರಕ್ಕೆರಡು ದಿನ ಇಲ್ಲಿ ತಂದು ಬಿಡು, ನನ್ನ ಮನೆಯ ವಾಸನೆ ಅದಕ್ಕೆ ಹಿಡಿಯಲಿ. ಚಿನ್ನು ಮಲಗುತ್ತಿದ್ದ ಗೋಣಿತಾಟು ಇನ್ನೂ ಗೇಟಿನ ಹತ್ತಿರವೇ ಇದೆ.

ಶನಿವಾರ ಬೆಳಗ್ಗೆ ಬರುತ್ತೇನೆ. ಕೆಂಚನ ಲಸಿಕೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಿರು. ಪೆನ್ಸಿಲ್ ನಾನೇ ತರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ