ಹೌದಾ, ಅಲ್ವಾ, ಇಲ್ವಾ? – ಪ್ರಶ್ನೆ ಕೇಳಿ ಕಥೆ ಬಿಡಿಸುವ ಆಟ

ಮಕ್ಕಳೇ, ಮೊದಲು ಈ ಪುಟ್ಟ ಕಥೆ ಓದಿ.

ಒಂದು ಊರಿನಲ್ಲಿ ಒಬ್ಬರು ಅಜ್ಜಿ. ದಿನಾ ಬೆಳಿಗ್ಗೆ ಎದ್ದು ಒಂದು ಚಂದದ ಚಿತ್ರ ಬರೆಯುತ್ತಾರೆ. ಸ್ವಲ್ಪ ಹೊತ್ತಿಗೆ ಕಳ್ಳರು ಬರುತ್ತಾರೆ. ಚಿತ್ರವನ್ನು ಚೂರುಚೂರಾಗಿ ಹೊತ್ತುಕೊಂಡು ಹೋಗುತ್ತಾರೆ. ಅಜ್ಜಿ ಅದನ್ನು ಕಣ್ಣಾರೆ ನೋಡಿದರೂ ಕೂಗಾಡುವುದಿಲ್ಲ, ಪೊಲೀಸರಿಗೆ ಹೇಳುವುದಿಲ್ಲ. ಬದಲಿಗೆ ಖುಷಿಪಡುತ್ತಾರೆ! ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ಹೊಸ ಚಿತ್ರ. ಏನಿದರ ಗುಟ್ಟು?

ಇದು ನಾವು ತರಗತಿಯಲ್ಲಿ ಹೇಳುವ ಒಗಟಿನ ಹಾಗೆ ಅಲ್ಲ. ಒಗಟನ್ನು ನೀವೊಬ್ಬರೇ ಕೂತು ಯೋಚಿಸಿ ಬಿಡಿಸಬಹುದು. ಈ ಆಟದಲ್ಲಿ ಒಬ್ಬರಿಗೆ ಪೂರ್ತಿ ಕಥೆ ಗೊತ್ತಿರುತ್ತದೆ, ಅವರು ಕಥೆಗಾರರು. ಉಳಿದವರು ಅವರನ್ನು ಪ್ರಶ್ನೆ ಕೇಳುತ್ತಾ ಹೋಗಬೇಕು. ಆದರೆ ಒಂದು ಷರತ್ತು: ‘ಹೌದು’ ಅಥವಾ ‘ಅಲ್ಲ/ಇಲ್ಲ’ ಎಂದು ಉತ್ತರ ಕೊಡಬಹುದಾದ ಪ್ರಶ್ನೆಗಳನ್ನೇ ಕೇಳಬೇಕು. ಯಾಕೆ, ಯಾರು, ಎಲ್ಲಿ, ಹೇಗೆ – ಈ ಪದಗಳಿಗೆ ಇವತ್ತು ರಜ!

ಇಂಥ ಯೋಚನೆಗೆ ‘ಲ್ಯಾಟರಲ್ ಥಿಂಕಿಂಗ್’ ಎಂಬ ಹೆಸರನ್ನು 1967ರಲ್ಲಿ ಕೊಟ್ಟವರು ಎಡ್ವರ್ಡ್ ಡಿ ಬೋನೊ. ಮಾಲ್ಟಾ ದೇಶದಲ್ಲಿ ಹುಟ್ಟಿ, ವೈದ್ಯಶಾಸ್ತ್ರ ಓದಿದವರು. ಕನ್ನಡದಲ್ಲಿ ಇದನ್ನು ‘ಅಡ್ಡದಾರಿಯ ಯೋಚನೆ’ ಎಂದರೆ ನಿಮ್ಮ ಅಜ್ಜ ಗಾಬರಿಯಾದಾರು. ಅದಕ್ಕೇ ‘ಪಕ್ಕದ ದಾರಿಯ ಯೋಚನೆ’ ಎನ್ನೋಣ. ನೇರ ದಾರಿಯಲ್ಲಿ ಗೋಡೆ ಸಿಕ್ಕರೆ ಗೋಡೆಗೆ ತಲೆ ಚಚ್ಚಿಕೊಳ್ಳದೆ, ಪಕ್ಕದಲ್ಲಿ ಬಾಗಿಲು ಇದೆಯಾ ಎಂದು ನೋಡುವುದು.

ಆಟ ಆಡಿ ನೋಡೋಣ

ಅಜ್ಜಿಯ ಕಥೆಗೆ ಪ್ರಶ್ನೆಗಳು ಹೀಗೆ ಬರಬಹುದು:

1. ಅಜ್ಜಿಗೆ ಕಳ್ಳರನ್ನು ಕಂಡರೆ ಭಯ ಇದೆಯಾ? – ಇಲ್ಲ.
2. ಆ ಚಿತ್ರ ಮಾರಿದರೆ ತುಂಬಾ ದುಡ್ಡು ಬರುತ್ತಾ? – ಇಲ್ಲ.
3. ಅದು ನವಿಲಿನ ಚಿತ್ರಾನಾ? – ಸಂಬಂಧವಿಲ್ಲ.
4. ಚಿತ್ರ ಇರೋದು ಮನೆಯೊಳಗಾ? – ಅಲ್ಲ.
5. ಬರೆದಿರೋದು ಕಾಗದದ ಮೇಲಾ? – ಅಲ್ಲ.
6. ನೆಲದ ಮೇಲಾ? – ಹೌದು.
7. ಕಳ್ಳರು ಮನುಷ್ಯರಾ? – ಅಲ್ಲ!
8. ಅವಕ್ಕೆ ರೆಕ್ಕೆ ಇದೆಯಾ? – ಇಲ್ಲ.
9. ಅವು ನಮ್ಮ ಅಂಗೈಗಿಂತ ಚಿಕ್ಕವಾ? – ಹೌದು.
10. ಚಿತ್ರ ಬರೆದಿರೋದು ತಿನ್ನೋ ವಸ್ತುವಿನಲ್ಲಾ? – ಹೌದು.

ಈಗ ನಿಮಗೇ ಗೊತ್ತಾಗಿರಬೇಕು. ಅಜ್ಜಿ ಮನೆ ಮುಂದೆ ಅಕ್ಕಿ ಹಿಟ್ಟಿನಲ್ಲಿ ರಂಗೋಲಿ ಹಾಕುತ್ತಾರೆ. ಕಳ್ಳರು ಅಂದರೆ ಇರುವೆಗಳು! ನಾಲ್ಕು ಜೀವಕ್ಕೆ ಊಟ ಸಿಕ್ಕಿತಲ್ಲ ಎಂದು ಅಜ್ಜಿಗೆ ಸಂತೋಷ.

ಇಲ್ಲಿ ಗುಟ್ಟನ್ನು ಒಡೆದದ್ದು ಯಾವ ಪ್ರಶ್ನೆ? ಏಳನೆಯದು. ‘ಕಳ್ಳರು ಬರುತ್ತಾರೆ’ ಎಂದ ಕೂಡಲೇ ನಾವೆಲ್ಲ ಮನಸ್ಸಿನಲ್ಲಿ ಮುಖವಾಡ ಹಾಕಿದ ಮನುಷ್ಯರನ್ನು ನಿಲ್ಲಿಸಿಕೊಂಡೆವು. ಕಥೆಯಲ್ಲಿ ಮನುಷ್ಯರು ಎಂದು ಯಾರೂ ಹೇಳಿರಲಿಲ್ಲ. ‘ಬರುತ್ತವೆ’ ಎನ್ನದೆ ‘ಬರುತ್ತಾರೆ’ ಎಂದ ಕಥೆಗಾರರು ನಮ್ಮನ್ನು ಜಾಣತನದಿಂದ ದಾರಿ ತಪ್ಪಿಸಿದ್ದರು. ಎಂಟನೇ ಪ್ರಶ್ನೆಯಲ್ಲಿ ‘ಅವರಿಗೆ’ ಹೋಗಿ ‘ಅವಕ್ಕೆ’ ಬಂದಿದೆ, ಗಮನಿಸಿದಿರಾ?

ಒಳ್ಳೆಯ ಪ್ರಶ್ನೆ ಅಂದರೆ ಯಾವುದು?

ಮೊದಲ ಸೂತ್ರ: ಅರ್ಧ ಮಾಡಿ. 1ರಿಂದ 100ರವರೆಗೆ ಒಂದು ಸಂಖ್ಯೆ ಮನಸ್ಸಿನಲ್ಲಿಟ್ಟುಕೊಳ್ಳಿ ಎಂದು ಗೆಳೆಯರಿಗೆ ಹೇಳಿ. ‘37ಾ? 52ಾ?’ ಎಂದು ಒಂದೊಂದೇ ಕೇಳಿದರೆ ಸಂಜೆಯಾದೀತು. ‘50ಕ್ಕಿಂತ ದೊಡ್ಡದಾ?’ ಎಂದು ಕೇಳಿ. ಹೌದು ಎಂದರೂ ಐವತ್ತು ಸಂಖ್ಯೆ ಹೋಯಿತು, ಇಲ್ಲ ಎಂದರೂ ಐವತ್ತು ಹೋಯಿತು! ಹೀಗೆ ಅರ್ಧ ಮಾಡುತ್ತಾ ಹೋದರೆ ಏಳೇ ಪ್ರಶ್ನೆ ಸಾಕು. ಹತ್ತು ಪ್ರಶ್ನೆಗೆ 1,024 ಸಂಖ್ಯೆಗಳಲ್ಲಿ ಒಂದನ್ನು ಹುಡುಕಬಹುದು. ಇಪ್ಪತ್ತು ಪ್ರಶ್ನೆಗೆ 10,48,576ರಲ್ಲಿ ಒಂದನ್ನು! ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ಉಪಾಯ. ಸಾವಿರ ಬದಲಾವಣೆಗಳಲ್ಲಿ ಯಾವುದರಿಂದ ಪ್ರೋಗ್ರಾಂ ಕೆಟ್ಟಿತು ಎಂದು ತಿಳಿಯಬೇಕಾದರೆ, ಐನೂರನೆಯದಕ್ಕೆ ಹೋಗಿ ‘ಇಲ್ಲಿ ಸರಿ ಇತ್ತಾ?’ ಎಂದು ನೋಡುತ್ತೇವೆ. ಹತ್ತು ಸಲ ನೋಡುವಷ್ಟರಲ್ಲಿ ಅದು ಸಿಕ್ಕಿಬೀಳುತ್ತದೆ.

ಮೇಲಿನ ಆಟದಲ್ಲಿ ‘ಕಾಗೆಯಾ? ಗುಬ್ಬಿಯಾ? ಪಾರಿವಾಳಾನಾ?’ ಎಂದು ಕೇಳದೆ ‘ರೆಕ್ಕೆ ಇದೆಯಾ?’ ಎಂದು ಕೇಳಿದ್ದೂ ಇದೇ ಕಾರಣಕ್ಕೆ. ಒಂದೇ ‘ಇಲ್ಲ’ಕ್ಕೆ ಎಲ್ಲಾ ಹಕ್ಕಿಗಳೂ ಹಾರಿಹೋದವು.

ಎರಡನೇ ಸೂತ್ರ: ಪ್ರತಿ ಪದವನ್ನೂ ತಟ್ಟಿ ನೋಡಿ. ಸಂಖ್ಯೆಯ ಆಟದಲ್ಲಿ ಉತ್ತರ 1ರಿಂದ 100ರೊಳಗೇ ಇದೆ ಎಂದು ನಮಗೆ ಗೊತ್ತು. ಕಥೆಯ ಆಟದಲ್ಲಿ ಹಾಗಲ್ಲ. ನಾವು ಕಳ್ಳರೆಂದರೆ ಮನುಷ್ಯರು ಎಂದುಕೊಂಡು ಎಷ್ಟೇ ಅರ್ಧ ಮಾಡಿದರೂ ಇರುವೆ ಸಿಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಕಥೆಯ ಒಂದೊಂದು ಪದವನ್ನೂ ತಟ್ಟಿ. ‘ಅಜ್ಜಿ’ ನಿಜವಾಗಿ ಅಜ್ಜೀನಾ? ‘ಚಿತ್ರ’ ಅಂದರೆ ಬಣ್ಣದ ಚಿತ್ರಾನಾ? ‘ಕಳ್ಳರು’ ಅಂದರೆ ಮನುಷ್ಯರಾ? ಟೊಳ್ಳು ಸದ್ದು ಬಂದ ಕಡೆಯೇ ಗುಟ್ಟು.

ಮೂರನೇ ಸೂತ್ರ: ಪ್ರಶ್ನೆಯೊಳಗೆ ಉತ್ತರ ಬಚ್ಚಿಡಬೇಡಿ. ‘ತಮ್ಮನ ಚಾಕೊಲೇಟ್ ಕದಿಯೋದನ್ನ ಬಿಟ್ಟೆಯಾ?’ ಎಂದು ನಿಮ್ಮನ್ನು ಕೇಳಿದರೆ ಏನು ಹೇಳುತ್ತೀರಿ? ಹೌದು ಎಂದರೆ ಮೊದಲು ಕದಿಯುತ್ತಿದ್ದಿರಿ, ಇಲ್ಲ ಎಂದರೆ ಇನ್ನೂ ಕದಿಯುತ್ತಿದ್ದೀರಿ! ಇಂಥ ಪ್ರಶ್ನೆ ಬಂದರೆ ಕಥೆಗಾರರು ‘ಪ್ರಶ್ನೆ ತಿದ್ದಿ ಕೇಳಿ’ ಎನ್ನಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತು: ‘ಅಲ್ಲ’ ಎಂಬ ಉತ್ತರ ಬಂದರೆ ಸೋತೆ ಎಂದುಕೊಳ್ಳಬೇಡಿ. ನಮಗೆ ಇರುವೆ ಸಿಕ್ಕಿದ್ದೇ ಒಂದು ‘ಅಲ್ಲ’ದಿಂದ.

ಅಲ್ಲ ಮತ್ತು ಇಲ್ಲ

ಇಂಗ್ಲಿಷಿನಲ್ಲಿ ‘ನೋ’ ಎಂದರೆ ಮುಗಿಯಿತು. ಕನ್ನಡದಲ್ಲಿ ಎರಡು ಇವೆ. ‘ಅವರು ಡಾಕ್ಟರಾ?’ – ‘ಅಲ್ಲ.’ ‘ಮಳೆ ಬಂತಾ?’ – ‘ಇಲ್ಲ.’ ಅದು ಬೇರೆ ಏನೋ ಎನ್ನುವಾಗ ‘ಅಲ್ಲ’. ಇರುವುದಿಲ್ಲ, ನಡೆಯಲಿಲ್ಲ ಎನ್ನುವಾಗ ‘ಇಲ್ಲ’. ಇವೆರಡನ್ನೂ ಅದಲುಬದಲು ಮಾಡುವ ಮಕ್ಕಳು ನಮ್ಮ ಶಾಲೆಯಲ್ಲಿ ಬಹಳ. ಈ ಆಟ ಅದಕ್ಕೆ ಒಳ್ಳೆಯ ಅಭ್ಯಾಸ.

ಇನ್ನೊಂದು ಸೊಗಸು ನೋಡಿ. ಕನ್ನಡದಲ್ಲಿ ಪ್ರಶ್ನೆ ಮಾಡಲು ಪದದ ಕೊನೆಗೆ ಒಂದು ‘ಆ’ ಸೇರಿಸಿದರೆ ಸಾಕು. ಪುಸ್ತಕದ ಕನ್ನಡದಲ್ಲಿ ‘ಹೋದನೇ?’ ಎಂದು ‘ಏ’ ಕೂಡ ಬರುತ್ತದೆ. ಈ ‘ಆ’ವನ್ನು ಯಾವ ಪದಕ್ಕೆ ಅಂಟಿಸುತ್ತೇವೋ ಅದರ ಮೇಲೇ ನಮ್ಮ ಅನುಮಾನ! ‘ರವಿ ನಿನ್ನೆ ಅಂಗಡಿಗೆ ಹೋದ’ ಎಂಬ ವಾಕ್ಯ ತೆಗೆದುಕೊಳ್ಳಿ.

ರವಿಯಾ ನಿನ್ನೆ ಅಂಗಡಿಗೆ ಹೋಗಿದ್ದು? – ಅಲ್ಲ, ಅವನ ತಂಗಿ.
ರವಿ ನಿನ್ನೆಯಾ ಅಂಗಡಿಗೆ ಹೋಗಿದ್ದು? – ಅಲ್ಲ, ಮೊನ್ನೆ.
ರವಿ ನಿನ್ನೆ ಅಂಗಡಿಗಾ ಹೋಗಿದ್ದು? – ಅಲ್ಲ, ಲೈಬ್ರರಿಗೆ.
ರವಿ ನಿನ್ನೆ ಅಂಗಡಿಗೆ ಹೋದನಾ? – ಇಲ್ಲ, ಹೋಗಲಿಲ್ಲ.

ಮೊದಲ ಮೂರಕ್ಕೆ ‘ಅಲ್ಲ’, ಕೊನೆಯದಕ್ಕೆ ‘ಇಲ್ಲ’. ಎರಡನೇ ಸೂತ್ರದಲ್ಲಿ ಹೇಳಿದ ‘ಪದ ತಟ್ಟುವ’ ಕೆಲಸವನ್ನು ಕನ್ನಡ ಒಂದೇ ಅಕ್ಷರದಲ್ಲಿ ಮಾಡುತ್ತದೆ. ಈ ಆಟಕ್ಕೆ ಇದಕ್ಕಿಂತ ಹೊಂದುವ ಸಲಕರಣೆ ಬೇಕಾ?

ಪೋಷಕರಿಗೆ ಎರಡು ಮಾತು

ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿದಾಗ ಏನಾಗುತ್ತದೆ, ನಮಗೆಲ್ಲ ಗೊತ್ತು. ‘ಊಟ ಆಯ್ತಾ ಪುಟ್ಟಾ?’ – ‘ಹೂಂ.’ ‘ಸ್ಕೂಲಿಗೆ ಹೋಗಿದ್ದೆಯಾ?’ – ‘ಹೂಂ.’ ‘ಅಲ್ಲಿ ಚಳೀನಾ?’ – ‘ಹೂಂ.’ ಪೂರ್ತಿ ವಾಕ್ಯ ಹೇಳುವವರು ಅಜ್ಜಿ. ಮಕ್ಕಳ ಪಾಲಿಗೆ ಉಳಿಯುವುದು ಒಂದೇ ಅಕ್ಷರ. ಹೀಗೇ ನಾಲ್ಕಾರು ವರ್ಷ ಕಳೆದರೆ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ಆಮೇಲೆ ಅಜ್ಜಿಯ ಪ್ರಶ್ನೆಗಳೂ ಕಮ್ಮಿಯಾಗುತ್ತವೆ.

ಈ ಆಟದಲ್ಲಿ ಅದು ತಿರುಗುಮುರುಗು. ಅಜ್ಜಿ ಅಥವಾ ತಾತನೇ ಕಥೆಗಾರರಾಗಲಿ. ‘ಹೌದು, ಅಲ್ಲ, ಇಲ್ಲ’ ಎನ್ನುವುದು ಅವರ ಕೆಲಸ, ವಾಕ್ಯ ಕಟ್ಟುವುದು ಮಕ್ಕಳ ಕೆಲಸ. ಒಂದು ಕಥೆಗೆ ಹತ್ತು-ಇಪ್ಪತ್ತು ವಾಕ್ಯ ಆಗೇ ಆಗುತ್ತದೆ, ಅದೂ ಯಾರೂ ಬಲವಂತ ಮಾಡದೆ.

ಆಡಿಸುವಾಗ ಒಂದು ವಿಷಯ ನೆನಪಿರಲಿ. ತಪ್ಪು ಕನ್ನಡಕ್ಕೆ ಆಟ ನಿಲ್ಲಿಸಬೇಡಿ. ಮಗು ‘ಕಳ್ಳರು ಮನುಷ್ಯ ಇದೆಯಾ?’ ಎಂದರೆ, ‘ಕಳ್ಳರು ಮನುಷ್ಯರಾ? ಅಲ್ಲ’ ಎಂದು ಸರಿಯಾದ ರೂಪವನ್ನು ನೀವೇ ಒಮ್ಮೆ ಹೇಳಿ ಉತ್ತರ ಕೊಡಿ. ಪಾಠವೂ ಆಯಿತು, ಆಟವೂ ಉಳಿಯಿತು. ಇನ್ನು, ಮಕ್ಕಳು ಸಿಕ್ಕಿಹಾಕಿಕೊಂಡರೆ ಉತ್ತರ ಹೇಳಿಬಿಡಬೇಡಿ. ‘ಯಾವ ಪದ ಇನ್ನೂ ತಟ್ಟಿಲ್ಲ?’ ಎಂದು ಕೇಳಿ, ಸಾಕು.

ಈಗ ನಿಮ್ಮ ಸರದಿ

1. (ಚಿಕ್ಕವರಿಗೆ) ಹೊರಗೆ ಹಿಮ ಸುರಿಯುತ್ತಿತ್ತು. ಅಪ್ಪ ಐದು ಕಿಲೋಮೀಟರ್ ನಡೆದರು. ಶೂ ಒದ್ದೆ ಆಗಲಿಲ್ಲ. ಹೊರಟ ಜಾಗದಿಂದ ಒಂದು ಅಡಿ ಕೂಡ ಮುಂದೆ ಹೋಗಿರಲಿಲ್ಲ. ಹೇಗೆ?

2. ಮನೆಗೆ ಅತಿಥಿ ಬಂದರು. ಎಲ್ಲರೂ ಇಷ್ಟದ ತಿಂಡಿ ಮಾಡಿ ಮುಂದಿಟ್ಟರು. ಅತಿಥಿ ಒಂದು ತುತ್ತೂ ತಿನ್ನಲಿಲ್ಲ, ಆದರೂ ಯಾರಿಗೂ ಬೇಸರವಿಲ್ಲ. ಮೂರನೇ ದಿನ ಮನೆಯವರೇ ಅವರನ್ನು ಹೊತ್ತುಕೊಂಡು ಹೋಗಿ ನೀರಿನಲ್ಲಿ ಮುಳುಗಿಸಿದರು. ‘ಬರುವ ವರ್ಷವೂ ಬಾ’ ಎಂದು ಕೈಮುಗಿದರು!

3. (ದೊಡ್ಡವರಿಗೆ) ಅಕ್ಕನಿಗೂ ತಂಗಿಗೂ ಒಂದೇ ಕ್ಷಣದಲ್ಲಿ ಹೆಣ್ಣುಮಕ್ಕಳು ಹುಟ್ಟಿದರು. ಒಂದು ಸೆಕೆಂಡೂ ಹೆಚ್ಚುಕಮ್ಮಿ ಇಲ್ಲ. ಆದರೆ ಒಬ್ಬಳು ಹುಟ್ಟಿದ ವರ್ಷ 2014, ಇನ್ನೊಬ್ಬಳದು 2015. ಎರಡೂ ಆಸ್ಪತ್ರೆಯವರು ಬರೆದದ್ದು ಸರಿಯೇ.

4. ನಿಮ್ಮದೇ ಒಂದು ಕಥೆ ಕಟ್ಟಿ. ಮನೆಯಲ್ಲಿ ದಿನಾ ನೋಡುವ ಒಂದು ವಸ್ತು ಅಥವಾ ಹಬ್ಬ ಆರಿಸಿ. ಸುಳ್ಳು ಹೇಳದೆ, ಆದರೆ ಒಂದು ಪದ ದಾರಿ ತಪ್ಪಿಸುವ ಹಾಗೆ ಬರೆಯಿರಿ. ಶನಿವಾರ ತರಗತಿಗೆ ತನ್ನಿ, ಎಲ್ಲರೂ ಸೇರಿ ಬಿಡಿಸೋಣ.

ಉತ್ತರಗಳು (ಆಡಿದ ಮೇಲೆ ಮಾತ್ರ ಓದಿ!)

1. ಅಪ್ಪ ನಡೆದದ್ದು ಮನೆಯೊಳಗೆ, ಟ್ರೆಡ್‌ಮಿಲ್ ಮೇಲೆ.
2. ಅತಿಥಿ ಅಂದರೆ ಚೌತಿಯ ಗಣಪ. ಪೂಜೆ ಮುಗಿಸಿ ನೀರಿಗೆ ಬಿಟ್ಟರು.
3. ಒಬ್ಬಳು ಹುಟ್ಟಿದ್ದು ಮೈಸೂರಿನಲ್ಲಿ, 2015ರ ಜನವರಿ 1ರ ಬೆಳಿಗ್ಗೆ 5 ಗಂಟೆಗೆ. ಆಗ ಟೊರೊಂಟೊದಲ್ಲಿ 2014ರ ಡಿಸೆಂಬರ್ 31ರ ಸಂಜೆ 6:30. ಇನ್ನೊಬ್ಬಳು ಹುಟ್ಟಿದ್ದು ಅಲ್ಲಿ.