ಗೋಡೆದೋಟ: ಒಂದು ಭಾಷಾಂತರ ಪಾಠ



ಕಳೆದ ಅಭ್ಯಾಸದಲ್ಲಿ ಒಳಾಂಗಣದ ‘ಲಿವಿಂಗ್ ವಾಲ್’ ಕುರಿತ ಪರಿಚ್ಛೇದವೊಂದನ್ನು ಕೊಟ್ಟಿದ್ದೆ. ಹೆಚ್ಚಿನವರು ಅದನ್ನು ‘ಬಳ್ಳಿ ಹಬ್ಬಿದ ಗೋಡೆ’ ಎಂದು ಕನ್ನಡಿಸಿದ್ದೀರಿ. ಕಿವಿಗೆ ಇಂಪಾಗಿದೆ, ಅರ್ಥಕ್ಕೆ ಹೊಂದಿಲ್ಲ. ಬಳ್ಳಿಯ ಬೇರು ನೆಲದಲ್ಲಿರುತ್ತದೆ. ಗೋಡೆ ಅದಕ್ಕೆ ಆಸರೆ ಮಾತ್ರ. ಇಲ್ಲಿಯಾದರೋ ಬೇರುಗಳೇ ಗೋಡೆಯ ಮೇಲಿರುತ್ತವೆ.

ಇಂಥ ರಚನೆಗೆ ಅಮೆರಿಕದ ಸ್ಟ್ಯಾನ್ಲಿ ಹಾರ್ಟ್ ವೈಟ್ 1938ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಜಗತ್ತಿನ ಕಣ್ಣು ಅದರತ್ತ ಹೊರಳಿದ್ದು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್ ಅವರಿಂದ. ಉಷ್ಣವಲಯದ ಕಾಡುಗಳಲ್ಲಿ ಬಂಡೆ, ಕಾಂಡಗಳ ಮೇಲೆ ಮಣ್ಣಿನ ಹಂಗಿಲ್ಲದೆ ಬೆಳೆಯುವ ಗಿಡಗಳನ್ನು ಅವರು ಅಭ್ಯಸಿಸಿದ್ದರು. ಲೋಹದ ಚೌಕಟ್ಟು, ಅದಕ್ಕೆ ಒಂದು ಸೆಂಟಿಮೀಟರ್ ದಪ್ಪದ ಪಿವಿಸಿ ಹಲಗೆ, ಅದರ ಮೇಲೆ ಕೊಳೆಯದ ಫೆಲ್ಟ್ ಪದರ: ಅವರ ಗೋಡೆಯೆಂದರೆ ಇಷ್ಟೆ. ಗಿಡಗಳೂ ಸೇರಿ ಚದರ ಮೀಟರಿಗೆ 30 ಕಿಲೋ ಮೀರದು. (ಫೆಲ್ಟನ್ನು ಒಬ್ಬರು ‘ಕಂಬಳಿ’ ಎಂದಿದ್ದೀರಿ. ಕಂಬಳಿ ನೇಯ್ದದ್ದು, ಫೆಲ್ಟ್ ಎಳೆಗಳನ್ನು ಒತ್ತಿ ಮಾಡಿದ್ದು.)

ಮೇಲಿನ ಕೊಳವೆಯಿಂದ ಪೋಷಕಾಂಶ ಬೆರೆತ ನೀರು ಫೆಲ್ಟಿನಲ್ಲಿ ಇಳಿಯುತ್ತದೆ. ಆದ್ದರಿಂದ ಮೇಲ್ಭಾಗ ಬೇಗ ಆರುತ್ತದೆ, ಕೆಳಭಾಗ ತೇವವಾಗಿಯೇ ಉಳಿಯುತ್ತದೆ. ಬಲ್ಲ ವಿನ್ಯಾಸಕಾರ ಒಣಹವೆ ತಾಳುವ ಗಿಡಗಳನ್ನು ಮೇಲಿಟ್ಟು, ಜರಿಗಿಡಗಳನ್ನು ಕೆಳಗಿಡುತ್ತಾನೆ. ಒಳಾಂಗಣದಲ್ಲಿ ಬೆಳಕಿನ ಚಿಂತೆಯೂ ಉಂಟು. ಕಿಟಕಿಯಿಂದ ನಾಲ್ಕು ಹೆಜ್ಜೆ ಸರಿದರೆ ನಮಗೆ ಓದಲು ಸಾಕಾಗುವ ಬೆಳಕು ಎಲೆಗೆ ಸಾಲದು, ವಿದ್ಯುದ್ದೀಪ ಬೇಕು.

ಇನ್ನು ಪಂಪು. ಕುಂಡದ ಮಣ್ಣು ದಿನಗಟ್ಟಲೆ ತೇವವನ್ನು ಹಿಡಿದಿಡಬಲ್ಲದು, ತೆಳುವಾದ ಫೆಲ್ಟಿಗೆ ಆ ಶಕ್ತಿಯಿಲ್ಲ. ವಿದ್ಯುತ್ತು ಹೋಗಿ ಪಂಪು ನಿಂತರೆ ಇಡೀ ಗೋಡೆ ಬಾಡುತ್ತದೆ. ನಿಮ್ಮ ‘ಬಳ್ಳಿ’ಯನ್ನು ನಂಬಿ ಸೊಲ್ಲಾಪುರದ ಏಪ್ರಿಲ್ ಬಿಸಿಲಿನಲ್ಲಿ ಒಬ್ಬರು ಗೋಡೆಯ ಬುಡಕ್ಕೆ ಎರಡು ಕೊಡ ನೀರು ಸುರಿದು ನಿಶ್ಚಿಂತರಾದರೆನ್ನಿ. ತಪ್ಪು ಯಾರದು?

ಹಾಗಾದರೆ ಏನೆನ್ನಬೇಕು? ‘ಲಂಬೋದ್ಯಾನ’ಕ್ಕೆ ಗುಣಸಂಧಿ ಸರಿಯಾಗಿದೆ, ಆದರೆ ನನಗೆ ಲಂಬೋದರನೇ ನೆನಪಾಗುತ್ತಾನೆ. ಮರಾಠಿಯಲ್ಲೂ ಕಲಿತವನಾದ್ದರಿಂದ ‘ಭಿಂತ್’ ಮೊದಲು ನಾಲಗೆಗೆ ಬಂದು, ‘ಭಿತ್ತಿ ಉದ್ಯಾನ’ ಎಂದು ಗುರುತು ಹಾಕಿಕೊಂಡೆ. ಕನ್ನಡದಲ್ಲಿ ಭಿತ್ತಿಯ ಒಡನಾಟವೆಲ್ಲ ಚಿತ್ರದೊಡನೆ, ಪತ್ರದೊಡನೆ, ಬರೆದದ್ದು, ಅಂಟಿಸಿದ್ದು. ಅದನ್ನೂ ಕೈಬಿಟ್ಟೆ. ‘ಹೂದೋಟ’ದಂತೆ ಆದೇಶಸಂಧಿಯಿಂದ ಒದಗುವ ‘ಗೋಡೆದೋಟ’ ನನಗೆ ಒಪ್ಪಿಗೆ. ಬೇರಿನ ನೆಲೆಯನ್ನು ಅದೊಂದೇ ಪದ ಪೂರ್ತಿ ಹೇಳದು. ಮೊದಲ ಬಳಕೆಯಲ್ಲಿ ಒಂದು ವಾಕ್ಯದ ವಿವರಣೆ ಸೇರಿಸಬೇಕು.

ಆ ವಾಕ್ಯವನ್ನು ಬರೆದು, ಪರಿಚ್ಛೇದವನ್ನು ತಿದ್ದಿ, ಮುಂದಿನ ತಾಸಿಗೆ ತನ್ನಿರಿ.