ಎಕ್ಸ್‌ರೇ ಸರಿಯಿದೆ, ಏದುಸಿರು ಏಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಎಂಟು ದಿನದ ಹಿಂದೆ ಅವರ ಗೂಡ್ಸ್ ಆಟೊ ಮುಂದಿದ್ದ ಲಾರಿಗೆ ಗುದ್ದಿ, ಹ್ಯಾಂಡಲ್ ಎದೆಗೆ ಬಡಿಯಿತು. ಎಕ್ಸ್‌ರೇ ನೋಡಿ, ಮೂಳೆ ಮುರಿದಿಲ್ಲವೆಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಎರಡು ದಿನದಿಂದ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ ಅನ್ನುತ್ತದಂತೆ. ಹೆದರಿಕೆಗೆ ಹೀಗಾಗುತ್ತದೆಯೇ?
– ಓದುಗರು, ತಿಪಟೂರು

ಉತ್ತರ: ಹೆದರಿಕೆ ಎಂದು ಸುಮ್ಮನಾಗಬೇಡಿ ತಾಯಿ. ಇನ್ನೂ ತೋರಿಸಿಲ್ಲವಾದರೆ ಇವತ್ತೇ ಕರೆದುಕೊಂಡು ಹೋಗಿ. ಅವರೇ ಆಟೊ ಓಡಿಸಿಕೊಂಡು ಹೋಗುವುದು ಬೇಡ.

ಎದೆಯ ನಡುವಿನ ಚಪ್ಪಟೆ ಮೂಳೆಯ ಮೇಲೆ ಬೆರಳಿಟ್ಟು ನೋಡಿ. ಅದರ ಬೆನ್ನಿಗೇ ಬಲ ಹೃತ್ಕುಕ್ಷಿ ಇದೆ. ಮುಂದಿನಿಂದ ಬಿದ್ದ ಪೆಟ್ಟು ಹೆಚ್ಚಾಗಿ ತಾಗುವುದು ಅದಕ್ಕೇ. ಮೂಳೆ ಗಟ್ಟಿಯಾಗಿ ಉಳಿದು ಒಳಗಿನ ಮಾಂಸಖಂಡ ಜಜ್ಜಿಹೋಗಿರಬಹುದು. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಮೂಳೆ ಮುರಿದೂ ಹೃದಯಕ್ಕೆ ಏನೂ ಆಗದೆ ಇರುವುದುಂಟು.

ಎದೆಗೆ ಜೋರು ಪೆಟ್ಟಾದವರಿಗೆ ಮೊದಲ ದಿನವೇ ಇಸಿಜಿ ತೆಗೆದು, ರಕ್ತದಲ್ಲಿ ಟ್ರೋಪೋನಿನ್ ನೋಡಬೇಕು. ಹೃದಯದ ಜೀವಕೋಶಕ್ಕೆ ಗಾಯವಾದರೆ ಈ ಟ್ರೋಪೋನಿನ್ ರಕ್ತಕ್ಕೆ ಸೋರುತ್ತದೆ. ಎರಡೂ ಸರಿಯಿದ್ದರೆ ಹೃದಯಕ್ಕೆ ದೊಡ್ಡ ಪೆಟ್ಟಿಲ್ಲವೆಂದು ಧೈರ್ಯ ಹೇಳಬಹುದು. ಒಂದರಲ್ಲಿ ವ್ಯತ್ಯಾಸ ಕಂಡರೂ 24 ಗಂಟೆಯಾದರೂ ಮಾನಿಟರ್ ಹಾಕಿ ವಾರ್ಡಿನಲ್ಲಿ ಇಟ್ಟುಕೊಳ್ಳುತ್ತೇವೆ, ಬಡಿತದ ಲಯ ತಪ್ಪುವ ಭಯ ಆಗಲೇ ಹೆಚ್ಚು. ಬರೀ ಎಕ್ಸ್‌ರೇ ನೋಡಿ ಮನೆಗೆ ಕಳಿಸುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಎಂಟು ದಿನ ಕಳೆದಿರುವುದರಿಂದ ಏರಿದ್ದ ಟ್ರೋಪೋನಿನ್ ಇಳಿದಿರಲೂಬಹುದು. ಈಗ ಅದು ಸರಿಯಾಗಿ ಬಂದರೂ ಅದನ್ನೇ ನಂಬಿ ಕೂರುವಂತಿಲ್ಲ. ಇಸಿಜಿ ಜೊತೆಗೆ ಎಕೊ ಆಗಲೇಬೇಕು. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ ಆಡಿಸಿದರೆ ಹೃದಯದ ಗೋಡೆ ಎಲ್ಲ ಕಡೆಯೂ ಸಮನಾಗಿ ಕುಗ್ಗುತ್ತಿದೆಯೇ, ಕವಾಟ ಹರಿದಿದೆಯೇ, ಸುತ್ತಲಿನ ಚೀಲದಲ್ಲಿ ರಕ್ತವೋ ನೀರೋ ತುಂಬಿದೆಯೇ ಎಂಬುದು ಅಲ್ಲೇ ಪರದೆಯ ಮೇಲೆ ಕಾಣುತ್ತದೆ. ಎಕ್ಸ್‌ರೇ ಕೂಡ ಮತ್ತೊಮ್ಮೆ ಆಗಲಿ. ಶ್ವಾಸಕೋಶದ ಸುತ್ತ ತಡವಾಗಿ ರಕ್ತ ಸೇರಿದರೂ ಏದುಸಿರು ಬರುತ್ತದೆ.

ಬರೀ ಜಜ್ಜುಗಾಯವಾದರೆ ಹೆಚ್ಚಿನವರಿಗೆ ವಿಶ್ರಾಂತಿಯಲ್ಲೇ ಮಾಗುತ್ತದೆ. ಲಯ ತಪ್ಪಿದ್ದರೆ ಅದಕ್ಕೆ ಔಷಧಿ. ಚೀಲದಲ್ಲಿ ತುಂಬಿದ್ದು ಹೃದಯವನ್ನು ಅದುಮುತ್ತಿದ್ದರೆ ಕೂಡಲೇ ಹೊರತೆಗೆಯಬೇಕು. ಕವಾಟ ಹರಿದಿದ್ದರೆ ಆಪರೇಷನ್ ಬೇಕಾಗಬಹುದು.

ತಣ್ಣನೆ ಬೆವರು, ಕಣ್ಣು ಕತ್ತಲೆ, ಕತ್ತಿನ ನರ ಉಬ್ಬುವುದು, ಮಲಗಿದರೆ ಉಸಿರು ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಹೋಗುವಾಗ ಹಳೆಯ ಚೀಟಿ, ಎಕ್ಸ್‌ರೇ ಕೈಯಲ್ಲಿರಲಿ. ಡಾಕ್ಟರ ಮುಂದೆ ಕೂತೊಡನೆ, ಎದೆಗೆ ಹ್ಯಾಂಡಲ್ ಬಡಿದಿತ್ತು ಎಂಬುದನ್ನೇ ಮೊದಲು ಹೇಳಿ, ಏದುಸಿರಿನ ವಿಷಯ ಆಮೇಲೆ.